ಗೇಟ್ ಪಾಸ್ ಸಿಗುವ ತನಕ

"ಕೀ ಕೊಡಿ ಸಾರ್."

ಹುಡುಗ ಕೈ ಚಾಚಿದ್ದಾನೆ. ವಯಸ್ಸು ಇಪ್ಪತ್ತೈದರ ಆಸುಪಾಸು. ಇಸ್ತ್ರಿ ಮುರಿಯದ ಬಿಳಿ ಶರ್ಟು, ಕೊರಳಲ್ಲಿ ಐಡಿ ಕಾರ್ಡು, ಎಡಗೈಯಲ್ಲಿ ಟ್ಯಾಬು. ನೀವು ಕೀ ಕೊಡುತ್ತೀರಿ. ಕೊಟ್ಟ ಮೇಲೂ ಬೆರಳುಗಳು ಒಂದು ಗಳಿಗೆ ಮಡಚಿಕೊಂಡೇ ಇವೆ. ಕೀಗೊಂಚಲಿನಲ್ಲಿರುವ ಮಾದಪ್ಪನ ಹಿತ್ತಾಳೆ ಬಿಲ್ಲೆ ಹುಡುಗನ ಉಂಗುರಕ್ಕೆ ತಾಗಿ ಟಿಣ್ ಅನ್ನುತ್ತದೆ. ಇನ್ನು ಸಂಜೆಯವರೆಗೆ ಕಾರು ನಿಮ್ಮ ಕೈಯಲ್ಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಇವತ್ತು ಇಲ್ಲಿ ಆಡುವ ಪ್ರತಿಯೊಂದು ಮಾತಿನ ಹಿಂದೆ ಆ ಕೀ ಇರುತ್ತದೆ.

ನೀವು ಶಾಗ್ಯದವರು. ಹಿಪ್ಪುನೇರಳೆ ಬೆಳೆದು ಹುಳ ಸಾಕುತ್ತೀರಿ, ಗೂಡನ್ನು ಕೊಳ್ಳೇಗಾಲದ ಮಾರುಕಟ್ಟೆಗೆ ಹಾಕುತ್ತೀರಿ. ಸಾಲ ಮಾಡಿ ತಂದ ಮೊದಲ ಕಾರು ಇದು. ಕಂತು ಇನ್ನೂ ಮುಗಿದಿಲ್ಲ, ವಾರಂಟಿಯೂ ಮುಗಿದಿಲ್ಲ. ಹನೂರು ತಾಲ್ಲೂಕಾಗಿ ಕೆಲವು ವರ್ಷವಾಯಿತೇ ಹೊರತು ಇಂಥ ಕೆಲಸಕ್ಕೆಲ್ಲ ಮೈಸೂರಿಗೇ ಬರಬೇಕು. ಅದಕ್ಕೇ ಕತ್ತಲಿರುವಾಗ ಎದ್ದಿದ್ದೀರಿ. ಜೋಳದ ಹೊಲಗಳ ಕಡೆ ಹಂದಿ ಓಡಿಸುವ ಪಟಾಕಿ ಇನ್ನೂ ಸಿಡಿಯುತ್ತಿತ್ತು. ಕೊಳ್ಳೇಗಾಲ ದಾಟುವಾಗ ಬೆಳಗಾಯಿತು. ಟಿ. ನರಸೀಪುರದ ಸೇತುವೆ ಮೇಲೆ ಕಿಟಕಿ ಇಳಿಸಿದಿರಿ, ಹೊಳೆಯ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಈಗ ಮೂಗಿಗೆ ಬರುತ್ತಿರುವುದು ಹೊಸ ಟೈರು, ಫಿನಾಯಿಲು, ಮೆಷಿನ್ ಕಾಫಿ, ಇಷ್ಟೂ ಕಲೆತ ವಾಸನೆ. ಯಾವ ಕಂಪನಿ, ಯಾವ ಶೋರೂಮು ಎಂದು ಬೋರ್ಡು ನೋಡಬೇಡಿ. ಬಣ್ಣ ಬೇರೆಯಾದರೂ ಕೌಂಟರು ಎಲ್ಲ ಕಡೆ ಹೀಗೇ ಇರುತ್ತದೆ.

ಹುಡುಗ ಕಾರನ್ನು ಒಂದು ಸುತ್ತು ಬರುತ್ತಾನೆ. ಹಿಂದಿನ ಬಂಪರಿನ ಗೀರಿನ ಫೋಟೊ ತೆಗೆಯುತ್ತಾನೆ. "30,000 ಕಿಲೋಮೀಟರ್ ಸರ್ವಿಸ್ ಅಲ್ವಾ ಸಾರ್? ಎಸ್ಟಿಮೇಟು 6,400 ಬರುತ್ತೆ." ಆಯಿಲು, ಆಯಿಲ್ ಫಿಲ್ಟರು, ಎ.ಸಿ. ಗಾಳಿ ಸೋಸುವ ಕ್ಯಾಬಿನ್ ಫಿಲ್ಟರು, ಲೇಬರು, ತೆರಿಗೆ, ಎಲ್ಲ ಸೇರಿ. ನೀವು ತಲೆಯಾಡಿಸುತ್ತೀರಿ. ಅವನು ಟ್ಯಾಬನ್ನು ನಿಮ್ಮ ಕಡೆ ತಿರುಗಿಸುತ್ತಾನೆ. "ಇಲ್ಲೊಂದು ಸೈನ್ ಹಾಕಿ ಸಾರ್, ಬೆರಳಲ್ಲೇ ಹಾಕಿ."

ಇದು ಜಾಬ್ ಕಾರ್ಡು. ಕೆಳಗೆ ಸಾಸಿವೆಯಷ್ಟು ಸಣ್ಣ ಅಕ್ಷರಗಳು, ಎಲ್ಲ ಇಂಗ್ಲಿಷು. ನಿಮ್ಮ ಹಿಂದೆ ಇಬ್ಬರು ಕಾಯುತ್ತಿದ್ದಾರೆ. ಒಬ್ಬರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಕುತ್ತಿಗೆಯ ಹಿಂಭಾಗ ಬಿಸಿಯಾಗುತ್ತದೆ. ಸಹಿ ಎಳೆದು ಸರಿದುಬಿಡೋಣ ಅನ್ನಿಸುತ್ತದೆ. ಒಂದೇ ಒಂದು ಗಳಿಗೆ ನಿಲ್ಲಿ. ಆ ಸಾಲುಗಳ ನಡುವೆ ಎಲ್ಲೋ, 'ಅಗತ್ಯ ಕಂಡುಬಂದ ಹೆಚ್ಚುವರಿ ಕೆಲಸಕ್ಕೆ ನನ್ನ ಒಪ್ಪಿಗೆ ಇದೆ' ಎನ್ನುವ ಅರ್ಥದ ಮಾತು ಇರಬಹುದು.

"ಇದರಲ್ಲಿ ಬರೀರಿ," ಅನ್ನುತ್ತೀರಿ. ದನಿ ನೀವಂದುಕೊಂಡದ್ದಕ್ಕಿಂತ ಸಣ್ಣಗೆ ಬರುತ್ತದೆ. "6,400ಕ್ಕಿಂತ ಮೇಲೆ ಏನೇ ಮಾಡೋದಾದ್ರೂ ನನ್ನ ಕೇಳಿ ಮಾಡಬೇಕು ಅಂತ."

"ಅದೆಲ್ಲ ಫಾರ್ಮಾಲಿಟಿ ಸಾರ್, ನಾವು ಹೇಳ್ದೆ ಏನೂ ಮಾಡಲ್ಲ."

"ಹಂಗಾದ್ರೆ ಬರೆಯೋಕೆ ಏನು ಕಷ್ಟ?"

ಅವನು ಟ್ಯಾಬಿನ ಮೇಲೆ ಬೆರಳಾಡಿಸುತ್ತಾನೆ. ಷರಾದ ಚೌಕದಲ್ಲಿ ಒಂದು ಸಾಲು ಮೂಡುತ್ತದೆ. ನೀವು ಸಹಿ ಹಾಕುತ್ತೀರಿ, ನಿಮ್ಮ ಫೋನಿನಲ್ಲಿ ಪರದೆಯ ಫೋಟೊ ಹಿಡಿಯುತ್ತೀರಿ. ಅವನ ಮುಖದ ನಗು ಹಾಗೇ ಇದೆ. ಕಣ್ಣು ಮಾತ್ರ ಈಗ ನಿಮ್ಮನ್ನು ಮೊದಲ ಸಲ ನೋಡುತ್ತಿದೆ.

ಗಾಜಿನ ಕೋಣೆಗೆ ಬನ್ನಿ. ಎ.ಸಿ. ಎಷ್ಟು ಜೋರಿದೆಯೆಂದರೆ ಮುಂಗೈ ರೋಮ ನಿಂತಿದೆ. ಗೋಡೆಯ ಟೀವಿ ಸದ್ದಿಲ್ಲದೆ ಕುಣಿಯುತ್ತಿದೆ. ಎದುರಿನ ಸೋಫಾದಲ್ಲಿ ವಯಸ್ಸಾದ ದಂಪತಿ. ಮೂಲೆಯಲ್ಲಿ ಲ್ಯಾಪ್‌ಟಾಪ್ ಹುಡುಗಿ. ದೊಡ್ಡ ಗಾಜಿನಾಚೆ ಲಿಫ್ಟಿನ ಮೇಲೆ ಕಾರುಗಳು ಹೊಟ್ಟೆ ತೋರಿಸಿಕೊಂಡು ನಿಂತಿವೆ, ನಿಮ್ಮದು ಕಾಣುವುದಿಲ್ಲ. ಏರ್ ಗನ್ನಿನ ಸದ್ದು ಗಾಜನ್ನು ದಾಟಿ ಬಂದು ಹಲ್ಲಿನಲ್ಲಿ ಜುಮ್ಮೆನ್ನುತ್ತದೆ. ಕೈಚೀಲದಲ್ಲಿ ಅವ್ವ ಕಟ್ಟಿಕೊಟ್ಟ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಇದೆ. ಡಬ್ಬಿ ತೆಗೆದರೆ ಬೆಳ್ಳುಳ್ಳಿ ವಾಸನೆ ಕೋಣೆಯೆಲ್ಲ ಹರಡುತ್ತದೆ. ಎರಡು ಸಲ ಕೈ ಹಾಕಿ ಎರಡು ಸಲವೂ ಸುಮ್ಮನಾಗುತ್ತೀರಿ. ಹಸಿದ ಹೊಟ್ಟೆಗೆ ಮೆಷಿನ್ ಕಾಫಿ ಬೀಳುತ್ತದೆ, ಸಿಹಿಯೋ ಸಿಹಿ. ಈ ಸಂಕೋಚವನ್ನು ಗಮನಿಸಿ. ಕಾರಿನ ವಿಷಯದಲ್ಲಿ ಬಾಯಿ ಕಟ್ಟಿಸುವುದೂ ಇದೇ ಸಂಕೋಚ. ಇದು ನಮ್ಮ ಜಾಗವಲ್ಲ, ಇವರ ಭಾಷೆ ನಮಗೆ ಬಾರದು, ಕೇಳಿದರೆ ದಡ್ಡರ ಥರ ಕಾಣುತ್ತೇವೆ.

ಫೋನು ಅಲ್ಲಾಡುತ್ತದೆ.

"ಸಾರ್, ಗಾಡಿ ಪೂರ್ತಿ ಚೆಕ್ ಮಾಡಿದ್ವಿ. ಒಂದಷ್ಟು ಪಾಯಿಂಟ್ಸ್ ಇದೆ." ಬೆಟ್ಟದಲ್ಲಿ ಸೇವಾ ಪಟ್ಟಿ ಓದುವ ಗುಮಾಸ್ತನ ಹಾಗೆ ಒಂದೇ ಏರಿನಲ್ಲಿ ಓದುತ್ತಾ ಹೋಗುತ್ತಾನೆ. "ಥ್ರಾಟಲ್ ಬಾಡಿ, ಇಂಜೆಕ್ಟರ್ ಕ್ಲೀನಿಂಗು 2,200. ಇಂಜಿನ್ ಫ್ಲಶ್ಶು 750. ಎ.ಸಿ. ಡಿಸ್ಇನ್‌ಫೆಕ್ಷನ್ 1,100. ಅಂಡರ್‌ಬಾಡಿ ಕೋಟಿಂಗು 3,500. ಆಮೇಲೆ..." ಇಲ್ಲಿ ದನಿ ತಗ್ಗುತ್ತದೆ, ಆಸ್ಪತ್ರೆಯವರು ಹೇಳುವಷ್ಟು ಮೆತ್ತಗಾಗುತ್ತದೆ. "ಮುಂದಿನ ಬ್ರೇಕ್ ಪ್ಯಾಡು ಸಾರ್. ಪೂರ್ತಿ ಹೋಗಿದೆ. 3,900 ಆಗುತ್ತೆ. ನಿಮ್ಮದು ಬೆಟ್ಟದ ಕಡೆ ಅಲ್ವಾ? ಫ್ಯಾಮಿಲಿ ಕೂರಿಸ್ಕೊಂಡು ಇಳೀತೀರಿ..."

ವಾಕ್ಯವನ್ನು ಅವನು ಮುಗಿಸುವುದಿಲ್ಲ. ಮುಗಿಸುವುದು ನೀವು. ಕಣ್ಣ ಮುಂದೆ ಮಾದೇಶ್ವರ ಬೆಟ್ಟದಿಂದ ತಾಳಬೆಟ್ಟದ ಕಡೆ ಇಳಿಯುವ ತಿರುವು. ಶಿವರಾತ್ರಿ ಜಾತ್ರೆಯ ರಾತ್ರಿ, ಎದುರಿಗೆ ಬಸ್ಸಿನ ದೀಪ, ಹಿಂದಿನ ಸೀಟಿನಲ್ಲಿ ಅವ್ವ, ಅವಳ ತೊಡೆಯ ಮೇಲೆ ಮಗು. ನಿಮ್ಮ ಬಲಗಾಲು ತಾನಾಗಿ ಸೋಫಾದ ಕೆಳಗೆ ನೆಲವನ್ನು ಒತ್ತುತ್ತದೆ. ಒತ್ತಿದ ಪೆಡಲು ನೆಲಕ್ಕೆ ಹೋಗುತ್ತದೆ. ಅಂಗೈ ಒದ್ದೆ. ಸುಟ್ಟ ಬ್ರೇಕಿನ ಕಮಟು ವಾಸನೆ ಈ ತಂಪು ಕೋಣೆಯಲ್ಲೂ ಮೂಗಿಗೆ ಬಂದ ಹಾಗಾಗುತ್ತದೆ.

"ಮಾಡಿಸ್ಬಿಡ್ಲಾ ಸಾರ್? ಟೆಕ್ನಿಷಿಯನ್ ಕಾಯ್ತಾ ಇದ್ದಾನೆ. ಒಟ್ಟು 17,850."

ಹೂಂ ಅನ್ನುವ ಶಬ್ದ ಗಂಟಲಿನವರೆಗೆ ಬಂದಿದೆ. 17,850 ರೂಪಾಯಿ ಎಂದರೆ ಈ ಸಲದ ಗೂಡಿನ ದುಡ್ಡಿನಲ್ಲಿ ಎಷ್ಟು ಪಾಲು ಎಂದು ತಲೆ ಲೆಕ್ಕ ಹಾಕುತ್ತದೆ. ಲೆಕ್ಕ ಹಾಕಿದ್ದಕ್ಕೇ ಎದೆ ಚುರ್ ಅನ್ನುತ್ತದೆ. ಅವ್ವನ ಜೀವಕ್ಕೆ ದುಡ್ಡಿನ ಲೆಕ್ಕ ಹಾಕುತ್ತೀಯಾ?

ಈ ಗಳಿಗೆಯನ್ನು ಹಿಡಿದು ನೋಡಿ. ಇಲ್ಲಿ ಮಾರಾಟಕ್ಕಿರುವುದು ಬ್ರೇಕ್ ಪ್ಯಾಡಲ್ಲ, ನಿಮ್ಮ ಹೂಂ. ಕೋಟಿಂಗಿಗೆ, ಫ್ಲಶ್ಶಿಗೆ ನೀವು ಬೇಡ ಅನ್ನಬಹುದು ಎಂದು ಅವನಿಗೆ ಗೊತ್ತು. ಬ್ರೇಕಿಗೆ ಅನ್ನಲಾರಿರಿ. ಭಯ ಬಿದ್ದವನು ಪಟ್ಟಿಯನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ, ಇಡಿಯಾಗಿ ಒಪ್ಪುತ್ತಾನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮು ಇದನ್ನು ನೇರವಾಗಿಯೇ ಹೇಳುತ್ತದೆ: ಒಂದು ಸರಕಿನ ಅಥವಾ ಸೇವೆಯ ಅಗತ್ಯ ಇದೆ, ಉಪಯೋಗ ಇದೆ ಎಂದು ಸುಳ್ಳು ಹೇಳಿದರೆ, ದಾರಿ ತಪ್ಪಿಸಿದರೆ, ಅದು ಅನುಚಿತ ವ್ಯಾಪಾರ ಪದ್ಧತಿ. ಆದರೆ ಬ್ರೇಕು ನಿಜವಾಗಿಯೂ ಹೋಗಿದ್ದರೆ? ಅದೂ ಸಾಧ್ಯ. ಫೋನಿನಲ್ಲಿ ಕೂತು ಇದು ತೀರ್ಮಾನವಾಗುವುದಿಲ್ಲ.

"ಏನೂ ಮಾಡಬೇಡಿ," ಅನ್ನುತ್ತೀರಿ. "ನಾನೇ ಬಂದು ನೋಡ್ತೀನಿ."

"ಒಳಗೆ ಕಸ್ಟಮರ್ಸ್‌ನ ಬಿಡಲ್ಲ ಸಾರ್. ಸೇಫ್ಟಿ ಇಶ್ಯೂ."

"ಬಾಗಿಲ ಹತ್ರ ನಿಂತಿರ್ತೀನಿ. ನೀವೇ ಬಂದು ಕರ್ಕೊಂಡೋಗಿ."

ನಿಲ್ಲುತ್ತೀರಿ. ಒಬ್ಬ ಮನುಷ್ಯ ಬಾಗಿಲಿಗೆ ಅಡ್ಡ ನಿಂತರೆ ಎಂಥ ನಿಯಮವೂ ಸ್ವಲ್ಪ ಸಡಿಲವಾಗುತ್ತದೆ. ಹುಡುಗ ಬರುತ್ತಾನೆ, ಅತ್ತಿತ್ತ ನೋಡುತ್ತಾನೆ, ಒಳಗೆ ಬಿಡುತ್ತಾನೆ.

ಬಾಗಿಲು ತೆರೆದದ್ದೇ ಕಾದ ಆಯಿಲಿನ ಘಾಟು. ನೆಲ ಜಾರುತ್ತದೆ, ನೋಡಿ ಕಾಲಿಡಿ. ನಿಮ್ಮ ಕಾರು ಆಳೆತ್ತರದಲ್ಲಿ ತೂಗುತ್ತಿದೆ. ಅಡಿಯಲ್ಲಿ ನಿಮ್ಮೂರಿನ ಕೆಂಪು ಧೂಳು ಇನ್ನೂ ಹಾಗೇ ಅಂಟಿದೆ. ಮುಂದಿನ ಚಕ್ರ ಬಿಚ್ಚಿದೆ. ಅದರ ಕೆಳಗೆ ಗ್ರೀಸು ಬಳಿದ ಕೈಯ ಮೆಕ್ಯಾನಿಕ್. ಹುಡುಗನನ್ನು ಯಾರೋ ಮೈಕಿನಲ್ಲಿ ಕರೆಯುತ್ತಾರೆ. ಒಂದು ನಿಮಿಷ ಸಾರ್ ಎಂದು ಹೋಗುತ್ತಾನೆ.

"ಯಾವೂರಾಯ್ತಣ್ಣ?" ಮೆಕ್ಯಾನಿಕ್ ತಲೆಯೆತ್ತದೆ ಕೇಳುತ್ತಾನೆ.

"ಶಾಗ್ಯ."

"ಹನೂರ್ ತಾವ?" ಈಗ ತಲೆಯೆತ್ತುತ್ತಾನೆ. "ನಮ್ದು ಯಳಂದೂರು ಪಕ್ಕ ಕನಣ್ಣ."

"ಬ್ರೇಕ್ ಪ್ಯಾಡು ಹೋಗದಂತಲ್ಲಪ್ಪ?"

ಅವನು ಉತ್ತರ ಕೊಡುವುದಿಲ್ಲ. ಭುಜದ ಮೇಲಿಂದ ಒಮ್ಮೆ ಹಿಂದಕ್ಕೆ ನೋಡುತ್ತಾನೆ. ನಿಮ್ಮ ಎದೆ ಹೊಡೆದುಕೊಳ್ಳುವುದು ನಿಮಗೇ ಕೇಳಿಸುತ್ತಿದೆ. ಆಮೇಲೆ ಸೊಂಟದಿಂದ ಸಣ್ಣ ಟಾರ್ಚು ತೆಗೆದು ಕ್ಯಾಲಿಪರಿನ ಸಂದಿಗೆ ಬೆಳಕು ಬಿಡುತ್ತಾನೆ. ಏನೂ ಹೇಳುವುದಿಲ್ಲ, ಬೆಳಕನ್ನು ಮಾತ್ರ ಹಾಗೇ ಹಿಡಿದಿರುತ್ತಾನೆ. ನೀವು ಬಗ್ಗಿ ನೋಡುತ್ತೀರಿ. ಹೊಳೆಯುವ ಡಿಸ್ಕು, ಅದಕ್ಕೆ ಒತ್ತಿಕೊಂಡ ಕಪ್ಪು ಪ್ಯಾಡು, ಅದರ ಹಿಂದೆ ಕಬ್ಬಿಣದ ಪಟ್ಟಿ. ಹೊಸ ಪ್ಯಾಡು ಸಾಮಾನ್ಯವಾಗಿ 10 ಮಿಲಿಮೀಟರಿನ ಆಸುಪಾಸು ಇರುತ್ತದೆ. 2–3 ಮಿಲಿಮೀಟರಿಗೆ ಬಂದರೆ ಬದಲಿಸಬೇಕು. ಇಲ್ಲಿ ಕಾಣುತ್ತಿರುವುದು ನಿಮ್ಮ ಕಿರುಬೆರಳಿನ ಉಗುರಿನ ಅಗಲಕ್ಕೆ ಸ್ವಲ್ಪ ಕಡಿಮೆ.

"ಅರ್ಧಕ್ಕಿಂತ ಜಾಸ್ತಿ ಅದ," ನೆಲ ನೋಡುತ್ತ ಗೊಣಗುತ್ತಾನೆ. "ನಾ ಯೋಳ್ದೆ ಅನ್ಬೇಡಿ."

ನೀವು ಫೋಟೊ ತೆಗೆಯುತ್ತೀರಿ. ಅವನ ಕೈ ಚಿತ್ರದಲ್ಲಿ ಬಾರದ ಹಾಗೆ ತೆಗೆಯುತ್ತೀರಿ.

ಉಸಿರು ಇಳಿಯಿತೇ? ಇಳಿಯುವುದರ ಜೊತೆಗೇ ಇನ್ನೊಂದು ಏರುತ್ತದೆ, ಕಿವಿಯ ತುದಿ ಕಾಯುತ್ತದೆ. ಅವ್ವನನ್ನೂ ಮಗುವನ್ನೂ ಅವರು ನಿಮ್ಮ ತಲೆಯೊಳಗಿಂದ ತೆಗೆದು, ತಿರುವಿನಲ್ಲಿ ಉರುಳಿಸಿ ತೋರಿಸಿದರಲ್ಲ, ಆ ಸಿಟ್ಟು. ಅದನ್ನು ಈಗ ಖರ್ಚು ಮಾಡಬೇಡಿ. ಕೂಗಾಡಿದರೆ ನೀವು 'ಗಲಾಟೆ ಕಸ್ಟಮರ್' ಆಗುತ್ತೀರಿ, ಆಮೇಲೆ ಪ್ಯಾಡಿನ ಮಾತು ಯಾರೂ ಆಡುವುದಿಲ್ಲ. ಕಾರಿನೊಳಗಿನ ಪುಸ್ತಕ ತರಿಸಿ.

ಹೌದು, ಓನರ್ಸ್ ಮ್ಯಾನುಯಲ್. ಪ್ಲಾಸ್ಟಿಕ್ ಕವರು ಕೂಡ ಹರಿಯದೆ ಡ್ಯಾಷ್‌ಬೋರ್ಡಿನ ಖಾನೆಯಲ್ಲಿ ಮಲಗಿದೆ. ಹಿಂಬದಿಯ ಪುಟಗಳಲ್ಲಿ ಒಂದು ಕೋಷ್ಟಕ ಇರುತ್ತದೆ: ಅಡ್ಡಕ್ಕೆ ಕಿಲೋಮೀಟರು, ಉದ್ದಕ್ಕೆ ಭಾಗಗಳ ಹೆಸರು, ಚೌಕಗಳಲ್ಲಿ 'ಐ' ಅಥವಾ 'ಆರ್'. ಐ ಅಂದರೆ ನೋಡು, ಆರ್ ಅಂದರೆ ಬದಲಿಸು. ಕೌಂಟರಿನ ಮೇಲೆ ಪುಸ್ತಕ ಬಿಡಿಸಿ 30,000ದ ಕಾಲಮ್ಮಿಗೆ ಬೆರಳಿಡುತ್ತೀರಿ. ಬೆರಳು ಸ್ವಲ್ಪ ನಡುಗುತ್ತಿದೆ, ಪರವಾಗಿಲ್ಲ. ಬ್ರೇಕ್ ಪ್ಯಾಡು: ಐ. ಕ್ಯಾಬಿನ್ ಫಿಲ್ಟರು: ಆರ್. ಇಂಜಿನ್ ಫ್ಲಶ್ಶು ಎಂಬ ಸಾಲೇ ಇಲ್ಲ. ಎ.ಸಿ. ಡಿಸ್ಇನ್‌ಫೆಕ್ಷನ್ ಇಲ್ಲ. ಕೋಟಿಂಗು ಇಲ್ಲ.

"ಅದು ಕಂಪನಿ ಮಿನಿಮಮ್ ಸಾರ್. ನಮ್ಮ ರೋಡಿಗೆ ನಾವು ರೆಕಮೆಂಡ್ ಮಾಡೋದು ಬೇರೆ."

"ಬರೆದುಕೊಡಿ. ಪ್ಯಾಡು ಎಷ್ಟು ಮಿಲಿಮೀಟರ್ ಉಳಿದಿದೆ, ಯಾಕೆ ಬದಲಿಸಬೇಕು ಅಂತ. ಸೀಲ್ ಹಾಕಿ ಕೊಡಿ."

ಒಂದು ಗಳಿಗೆ ಮೌನ. ಕೀಬೋರ್ಡಿನ ಟಕಟಕ ಕೂಡ ನಿಲ್ಲುತ್ತದೆ.

"ಸರಿ ಬಿಡಿ ಸಾರ್, ನೆಕ್ಸ್ಟ್ ಸರ್ವಿಸಲ್ಲಿ ನೋಡೋಣ. ಆದ್ರೆ ಒಂದ್ ಮಾತು. ಇದನ್ನೆಲ್ಲ ಹೊರಗಡೆ ಗ್ಯಾರೇಜಲ್ಲಿ ಮಾಡಿಸಿದ್ರೆ ವಾರಂಟಿ ಹೋಗುತ್ತೆ."

ಹೊಟ್ಟೆಯಲ್ಲಿ ಮತ್ತೆ ಏನೋ ಕುಸಿಯುತ್ತದೆ. ವಾರಂಟಿ ಎಂಬ ಮಾತಿಗೆ ಆ ಶಕ್ತಿ ಇದೆ. ಹಾಗಾಗಿ ಕಿವಿಯಲ್ಲಿ ಹೇಳುತ್ತೇನೆ, ಕೇಳಿಸಿಕೊಳ್ಳಿ. 2011ರಲ್ಲಿ ಶಂಶೇರ್ ಕಟಾರಿಯಾ ಎಂಬವರು ಭಾರತೀಯ ಸ್ಪರ್ಧಾ ಆಯೋಗಕ್ಕೆ ಒಂದು ದೂರು ಕೊಟ್ಟರು: ಕಾರು ಕಂಪನಿಗಳು ಅಸಲಿ ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜಿಗೆ ಸಿಗದ ಹಾಗೆ ಮಾಡಿ ಗಿರಾಕಿಯನ್ನು ತಮ್ಮ ವರ್ಕ್‌ಶಾಪಿಗೇ ಕಟ್ಟಿಹಾಕುತ್ತಿವೆ ಎಂದು. 2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ದಂಡದ ವಿಚಾರ ಮೇಲ್ಮನವಿಗೆ ಹೋಯಿತು. ಆದರೆ ಆ ಆದೇಶದಲ್ಲಿ ನಿಮಗೆ ಬೇಕಾದ ಒಂದು ನಿರ್ದೇಶನ ಇದೆ: ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಎಂಬ ಸಾರಾಸಗಟು ಷರತ್ತನ್ನು ಕಂಪನಿಗಳು ಹಾಕಬಾರದು. ಹೊರಗಿನವನು ಕೆಡಿಸಿದ ಭಾಗಕ್ಕೆ ವಾರಂಟಿ ಕೇಳಲಾರಿರಿ, ಅದು ನ್ಯಾಯ. ಚಕ್ರದ ಹತ್ತಿರ ಕೈಯಿಟ್ಟಿದ್ದಕ್ಕೆ ಇಂಜಿನ್ನಿನ ವಾರಂಟಿ ಹೋಗುವುದಿಲ್ಲ.

"ವಾರಂಟಿ ಪುಸ್ತಕದಲ್ಲಿ ಯಾವ ಪುಟದಲ್ಲಿದೆ ತೋರ್ಸಿ," ಅನ್ನುತ್ತೀರಿ.

ಹುಡುಗ ನಗುತ್ತಾನೆ. ಈ ಸಲ ನಗು ಸುಸ್ತಾಗಿದೆ. ಅವನಿಗೂ ತಿಂಗಳ ಟಾರ್ಗೆಟ್ಟಿದೆ. ಎಷ್ಟು ಕೋಟಿಂಗು, ಎಷ್ಟು ಕ್ಲೀನಿಂಗು ಮಾರಿದ ಎಂದು ಅವನ ಮೇಲಿನವರು ಕೇಳುತ್ತಾರೆ. ಅದು ನಿಮಗೆ ಗೊತ್ತು. ಗೊತ್ತಿದ್ದರೂ ಪುಸ್ತಕದ ಮೇಲಿನ ಬೆರಳನ್ನು ತೆಗೆಯುವುದಿಲ್ಲ.

"6,400ರ ಕೆಲಸ ಮಾತ್ರ ಮಾಡಿ."

"ಓಕೆ ಸಾರ್."

ಗೆದ್ದೆ ಅಂದುಕೊಂಡಿರಾ? ಈಗ ಡಬ್ಬಿ ತೆರೆದು ರೊಟ್ಟಿ ತಿನ್ನಿ, ಬೆಳ್ಳುಳ್ಳಿ ವಾಸನೆ ಬಂದರೆ ಬರಲಿ. ಸಂಜೆ ಇನ್ನೂ ದೂರ ಇದೆ.

ಬಿಸಿಲು ಇಳಿದಿದೆ. ಕ್ಯಾಷ್ ಕೌಂಟರಿನ ಪ್ರಿಂಟರು ಕರಕರ ಎಂದು ಎರಡು ಹಾಳೆ ಉಗುಳುತ್ತದೆ. ನಿಮ್ಮ ಕಾರು ಹೊರಗೆ ತೊಳೆದು ನಿಂತಿದೆ, ಬಾನೆಟ್ಟಿನಿಂದ ನೀರು ತೊಟ್ಟಿಕ್ಕುತ್ತಿದೆ. ಕ್ಯಾಷಿಯರಿನ ಹಿಂದಿನ ಹಲಗೆಯಲ್ಲಿ ಮಾದಪ್ಪನ ಬಿಲ್ಲೆ ತೂಗುತ್ತಿದೆ. ಫೋನಿನ ಚಾರ್ಜು ಮುಗಿಯುತ್ತಾ ಬಂದಿದೆ. ಮನೆಯಿಂದ ಆಗಲೇ ಕರೆ ಬಂದಿತ್ತು: "ಕತ್ಲಾಯ್ತದ, ಆನ ಬರೋ ದಾರಿ, ಬಿರ್‌ಬಿರ್ನ ಬಾ ಮಗ."

"9,280 ಸಾರ್. ಕಾರ್ಡಾ, ಯುಪಿಐನಾ?"

ಅಂಕಿ ಕಿವಿಗೆ ಬಿದ್ದಿದೆ, ತಲೆಗೆ ಇನ್ನೂ ಇಳಿದಿಲ್ಲ. ಹಾಳೆ ಎತ್ತಿಕೊಳ್ಳಿ. ಸಾಲು ಸಾಲಾಗಿ ಓದಿ. ಆಯಿಲು. ಆಯಿಲ್ ಫಿಲ್ಟರು. ಕ್ಯಾಬಿನ್ ಫಿಲ್ಟರು, 620. ಲೇಬರು. ಇಷ್ಟು ಸರಿ. ಆಮೇಲೆ ಎ.ಸಿ. ಡಿಸ್ಇನ್‌ಫೆಕ್ಷನ್, 1,100. ಥ್ರಾಟಲ್ ಬಾಡಿ ಕ್ಲೀನಿಂಗು, 1,250. ಕನ್ಸ್ಯೂಮಬಲ್ಸ್, 380. ಹಜಾರ್ಡಸ್ ವೇಸ್ಟ್ ಡಿಸ್ಪೋಸಲ್, 150. ಬೇಡ ಅಂದದ್ದೇ ಹಿಂಬಾಗಿಲಿನಿಂದ ಬಂದು ಕೂತಿದೆ.

"ಇದನ್ನ ನಾನು ಬೇಡ ಅಂದಿದ್ದೆ."

"ಹುಡುಗ್ರು ಗೊತ್ತಿಲ್ದೆ ಮಾಡ್ಬಿಟ್ಟಿದ್ದಾರೆ ಸಾರ್. ಕೆಲಸ ಆಗೋಗಿದೆ, ಏನ್ ಮಾಡೋಣ? ಬಿಲ್ ಹೊಡೆದಾಯ್ತು, ಸಿಸ್ಟಮ್ ಲಾಕ್ ಆಗಿದೆ."

ಹಿಂದೆ ಸಾಲು ಉದ್ದವಾಗುತ್ತಿದೆ. ಯಾರೋ ಚ್ಚ ಅನ್ನುತ್ತಾರೆ. ದಾರಿ, ಕತ್ತಲು, ಆನೆ, ಫೋನು. ಕೊಟ್ಟು ಎದ್ದುಹೋದರೆ ಎರಡು ಗಂಟೆಯಲ್ಲಿ ಕೊಳ್ಳೇಗಾಲ ದಾಟಿರುತ್ತೀರಿ. ಕೊಡದೆ ಕೀ ಕೇಳುವಂತೆಯೂ ಇಲ್ಲ: 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಮಿನ ಪ್ರಕಾರ, ರಿಪೇರಿ ಮಾಡಿದವನು ತನಗೆ ನ್ಯಾಯವಾಗಿ ಬರಬೇಕಾದ ಕೂಲಿ ಕೈಗೆ ಸೇರುವ ತನಕ ವಸ್ತುವನ್ನು ಇಟ್ಟುಕೊಳ್ಳಬಹುದು. ದುಡ್ಡು ಕಟ್ಟಿದರೆ ಗೇಟ್ ಪಾಸು. ಗೇಟ್ ಪಾಸಿಲ್ಲದೆ ಸೆಕ್ಯುರಿಟಿಯವನು ಸರಪಳಿ ಇಳಿಸುವುದಿಲ್ಲ. ನಿಮ್ಮ ಮುಂದೆ ಎರಡು ದಾರಿ ಇವೆ. ಪೂರ್ತಿ ಕಟ್ಟಿ, ಬಿಲ್ಲಿನ ಮೇಲೆ 'ಆಕ್ಷೇಪಣೆಯೊಂದಿಗೆ ಕಟ್ಟಿದ್ದೇನೆ' ಎಂದು ಬರೆದು ಆಮೇಲೆ ಹೋರಾಡಬಹುದು. ಇಲ್ಲವೇ ನ್ಯಾಯವಾದಷ್ಟನ್ನು ಈಗಲೇ ಕಟ್ಟುತ್ತೇನೆ ಎಂದು ಇಲ್ಲೇ ನಿಲ್ಲಬಹುದು. ಮೊದಲನೆಯದು ಸುಲಭ. ಎರಡನೆಯದಕ್ಕೆ ಸಾಕ್ಷಿ ಬೇಕು.

ನಿಮ್ಮ ಹತ್ತಿರ ಸಾಕ್ಷಿ ಇದೆಯಲ್ಲ, ಮರೆತಿರಾ? ನಿನ್ನೆ ರಾತ್ರಿ ಹನೂರಿನ ಟ್ಯಾಕ್ಸಿ ಡ್ರೈವರ್ ಗೆಳೆಯ ಹೇಳಿಕೊಟ್ಟ ಹಾಗೆ, ಮೊಬೈಲ್ ಬೆಳಕಿನಲ್ಲಿ ಒಂದು ಕೆಲಸ ಮಾಡಿದ್ದೀರಿ.

"ದುಡ್ಡು ಕೊಡ್ತೀನಿ," ಅನ್ನುತ್ತೀರಿ. "ಅದಕ್ಕೆ ಮೊದ್ಲು ಗಾಡಿ ನೋಡ್ತೀನಿ. ಬದಲಿಸಿದ ಹಳೇ ಸಾಮಾನು ಎಲ್ಲಿ?"

"ಹಳೇದು ಸ್ಕ್ರಾಪಿಗೆ ಹೋಯ್ತು ಸಾರ್."

"ಹಂಗಾದ್ರೆ ಹೊಸದನ್ನ ತೋರ್ಸಿ."

ಅಂಗಳಕ್ಕೆ ಬನ್ನಿ. ಹುಡುಗ ಕಾರಿನ ಬಾಗಿಲು ತೆಗೆಯುತ್ತಾನೆ. ಒಳಗೆ ನಿಂಬೆ ವಾಸನೆಯ ಸ್ಪ್ರೇ ಮೂಗಿಗೆ ಗಪ್ಪೆಂದು ಹೊಡೆಯುತ್ತದೆ. ಎಡಬದಿಯ ಸೀಟಿನ ಮುಂದೆ ಮಂಡಿಯೂರುತ್ತೀರಿ, ಒದ್ದೆ ಮ್ಯಾಟು ಮಂಡಿಗೆ ತಣ್ಣಗೆ ತಾಗುತ್ತದೆ. ಗ್ಲೋವ್ ಬಾಕ್ಸಿನ ಎರಡೂ ಪಕ್ಕೆ ಒಳಕ್ಕೆ ಅದುಮುತ್ತೀರಿ. ಟಕ್. ಅದು ಜೋತು ಬೀಳುತ್ತದೆ. ಹಿಂದೆ ಅಂಗೈ ಅಗಲದ ಒಂದು ಮುಚ್ಚಳ. ಎರಡು ಕೊಕ್ಕೆ. ಒಂದು ಬಿಚ್ಚಿತು. ಇನ್ನೊಂದು ಬಿಚ್ಚುತ್ತಿಲ್ಲ. ಬೆವರು ಕಣ್ಣಿಗೆ ಇಳಿಯುತ್ತದೆ. ಹೊಸದೇ ಹಾಕಿದ್ದರೆ? ಇಷ್ಟು ಜನರ ಮುಂದೆ? ಉಗುರು ಒತ್ತುತ್ತೀರಿ. ಬಿಚ್ಚಿತು. ಎಳೆಯುತ್ತೀರಿ.

ಮಡಿಕೆ ಮಡಿಕೆಯ ಕಾಗದದ ಫಿಲ್ಟರು ಕೈಗೆ ಬರುತ್ತದೆ. ಬೂದಿ ಬಣ್ಣ. ಮಡಿಕೆಗಳ ನಡುವೆ ಒಣಗಿದ ಹುಣಸೆ ಎಲೆ, ಒಂದು ಜೋಳದ ಸಿಪ್ಪೆ. ಅಂಚನ್ನು ಬೆಳಕಿಗೆ ತಿರುಗಿಸುತ್ತೀರಿ. ನೀಲಿ ಬಾಲ್‌ಪೆನ್ನಿನಲ್ಲಿ, ನಿಮ್ಮದೇ ಸೊಟ್ಟ ಕೈಬರಹದಲ್ಲಿ ಒಂದೇ ಅಕ್ಷರ: ಮಾ.

ಯಾರೂ ಮಾತಾಡುವುದಿಲ್ಲ. ಹುಡುಗನ ಗಂಟಲಗುಳ್ಳೆ ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತದೆ.

ಮ್ಯಾನೇಜರ್ ಬರುತ್ತಾರೆ. ನಲವತ್ತು ದಾಟಿದವರು, ಮೆತ್ತನೆ ಮಾತು, ಸುಗಂಧದ ಘಮ. ಹೆಗಲ ಮೇಲೆ ಕೈಯಿಡುತ್ತಾರೆ. "ಏನೋ ಮಿಸ್ ಆಗಿದೆ ಸಾರ್. ಬನ್ನಿ, ಕಾಫಿ ಕುಡಿಯೋಣ. 3,000 ಡಿಸ್ಕೌಂಟ್ ಹಾಕಿಸ್ತೀನಿ, ಸೆಟಲ್ ಮಾಡ್ಕೊಳ್ಳೋಣ."

ಲೆಕ್ಕಕ್ಕೆ ಅದು ನೀವು ಕೇಳುವುದಕ್ಕಿಂತ ಜಾಸ್ತಿಯೇ. 620, 1,100, 1,250 ಸೇರಿದರೆ 2,970. ಒಪ್ಪಿಕೊಂಡು ಹೋಗಬಹುದು, ಬೆಳಕಿರುವಾಗಲೇ ಹೊರಡಬಹುದು. ಆದರೆ ಯೋಚಿಸಿ. ಡಿಸ್ಕೌಂಟು ಅವರ ಔದಾರ್ಯ. ಅದರಲ್ಲಿ ತಪ್ಪು ಅಳಿಸಿಹೋಗುತ್ತದೆ. ಬಿಲ್ಲಿನಲ್ಲಿ ಕ್ಯಾಬಿನ್ ಫಿಲ್ಟರು ಬದಲಿಸಿದೆ ಎಂದೇ ಉಳಿಯುತ್ತದೆ. ಹಾಕದ ಫಿಲ್ಟರಿಗೆ ಶೇಕಡಾ 18 ಜಿಎಸ್‌ಟಿ ಕೂಡ ಕಟ್ಟಿದ ಹಾಗಾಗುತ್ತದೆ.

"ಡಿಸ್ಕೌಂಟ್ ಬೇಡ ಸಾರ್. ಬಿಲ್ ತಿದ್ದಿ."

"ಸಿಸ್ಟಮ್ ಲಾಕ್..."

"ಕ್ರೆಡಿಟ್ ನೋಟ್ ಕೊಡಿ." ಹೊಡೆದ ಜಿಎಸ್‌ಟಿ ಬಿಲ್ಲಿನಲ್ಲಿ ಮೊತ್ತ ಹೆಚ್ಚು ಬಿದ್ದಿದ್ದರೆ ಸರಿಪಡಿಸಲು ಕಾನೂನಿನಲ್ಲೇ ಇರುವ ದಾರಿ ಅದು. ಗೂಡಿನ ವ್ಯಾಪಾರ ಮಾಡುವವರಿಗೆ ಬಿಲ್ಲಿನ ಭಾಷೆ ಅಷ್ಟೇನೂ ಹೊಸದಲ್ಲ.

ಕೈ ಹೆಗಲಿನಿಂದ ಇಳಿಯುತ್ತದೆ. "ನೋಡಿ ಸಾರ್, ಇಷ್ಟಕ್ಕೆಲ್ಲ ಕೇಸು ಅಂತ ಹೋದ್ರೆ ಮೈಸೂರಿಗೆ ಎಷ್ಟು ಸಲ ಅಲೀತೀರಿ? ನಿಮ್ಮೂರು ಎಷ್ಟು ದೂರ?"

ದೂರದ ಮಾತು ಬಂತು. ಬೆಳಗಿನಿಂದ ಅವರ ಬತ್ತಳಿಕೆಯಲ್ಲಿ ಉಳಿದಿದ್ದ ಕೊನೆಯ ಬಾಣ ಇದೇ. 1986ರ ಹಳೇ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದು ಸ್ವಲ್ಪ ನಾಟುತ್ತಿತ್ತು: ಎದುರು ಪಾರ್ಟಿ ಇರುವ ಕಡೆ ಅಥವಾ ವ್ಯವಹಾರ ನಡೆದ ಕಡೆ ದೂರು ಕೊಡಬೇಕಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಹೊಸ ಕಾಯ್ದೆ ಆ ಬಾಣವನ್ನು ಮುರಿದಿದೆ.

"ಚಾಮರಾಜನಗರದಲ್ಲಿ ಹಾಕ್ತೀನಿ ಸಾರ್," ಅನ್ನುತ್ತೀರಿ. ಈಗ ದನಿ ನಿಮ್ಮದೇ. "ನಾನಿರೋ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ ಹಾಕಬಹುದು. 5 ಲಕ್ಷದೊಳಗಿನ ವಿಷಯಕ್ಕೆ ಫೀಸಿಲ್ಲ, ಲಾಯರೇ ಬೇಕು ಅಂತಿಲ್ಲ. ಎರಡು ವರ್ಷ ಟೈಮದೆ. ನಾನಲ್ಲ, ನೀವು ಬರಬೇಕು ಅಲ್ಲಿಗೆ. ಅದಕ್ಕೂ ಮೊದ್ಲು ಈಗ್ಲೇ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ. ಕನ್ನಡದಲ್ಲೇ ಮಾತಾಡ್ತಾರೆ."

ಹೇಳಿ ಮುಗಿಸುವಾಗ ತೊಡೆ ನಡುಗುತ್ತಿರುವುದು ನಿಮಗೆ ಮಾತ್ರ ಗೊತ್ತು. ಫಿಲ್ಟರನ್ನು ಬಿಗಿಯಾಗಿ ಹಿಡಿದಿದ್ದೀರಿ. ಮ್ಯಾನೇಜರ್ ಫಿಲ್ಟರನ್ನು ನೋಡುತ್ತಾರೆ, ಬಾಲ್‌ಪೆನ್ನಿನ ಅಕ್ಷರವನ್ನು ನೋಡುತ್ತಾರೆ, ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುವ ಆ ವಯಸ್ಸಾದ ದಂಪತಿಯನ್ನು ನೋಡುತ್ತಾರೆ. ಗೇಟಿನಾಚೆ ಬೀದಿದೀಪ ಹತ್ತುತ್ತದೆ.

"ಕ್ರೆಡಿಟ್ ನೋಟ್ ಹಾಕಮ್ಮ," ಕ್ಯಾಷಿಯರಿಗೆ ಹೇಳುತ್ತಾರೆ.

6,310 ರೂಪಾಯಿ. ಕಟ್ಟುತ್ತೀರಿ. ಕನ್ಸ್ಯೂಮಬಲ್ಸಿನ 380, ವೇಸ್ಟಿನ 150 ಅದರೊಳಗೇ ಉಳಿದಿವೆ. ಏನು ಬಳಸಿದರು, ಯಾವ ಕಸ ಎಲ್ಲಿಗೆ ಹೋಯಿತು ಎಂದು ಕೇಳುವ ಶಕ್ತಿ ಉಳಿದಿಲ್ಲ, ಆ 530ನ್ನು ಬಿಟ್ಟಿದ್ದೀರಿ. ಪೂರ್ತಿ ಗೆಲುವು ಇಂಥ ಕೌಂಟರಿನಲ್ಲಿ ಸಿಗುವುದು ಕಡಿಮೆ. ಕ್ರೆಡಿಟ್ ನೋಟು, ಬಿಲ್ಲು, ಜಾಬ್ ಕಾರ್ಡಿನ ಫೋಟೊ, ಪ್ಯಾಡಿನ ಫೋಟೊ, ಹಳೇ ಫಿಲ್ಟರು, ಎಲ್ಲವನ್ನೂ ರೊಟ್ಟಿ ಡಬ್ಬಿಯ ಚೀಲಕ್ಕೆ ಹಾಕಿಕೊಳ್ಳುತ್ತೀರಿ. ಹೊಸ ಫಿಲ್ಟರನ್ನು ಕೊಳ್ಳೇಗಾಲದಲ್ಲಿ ಕೊಂಡು ನೀವೇ ಹಾಕುತ್ತೀರಿ. ಕೊಕ್ಕೆ ಹೇಗೆ ಬಿಚ್ಚುವುದೆಂದು ಈಗ ಕೈಗೆ ಗೊತ್ತು.

ಗೇಟಿನ ಹತ್ತಿರ ಹುಡುಗ ಓಡಿಬಂದು ಕಿಟಕಿಗೆ ಬಗ್ಗುತ್ತಾನೆ. ಇಸ್ತ್ರಿ ಈಗ ಮುರಿದಿದೆ. "ಸಾರ್, ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬರುತ್ತೆ. ಹತ್ತಕ್ಕೆ ಹತ್ತು ಕೊಡಿ ಸಾರ್. ಒಂಬತ್ತು ಕೊಟ್ರೂ ನಮಗೆ ಸೊನ್ನೆನೇ. ಇನ್ಸೆಂಟಿವ್ ಕಟ್ ಆಗುತ್ತೆ."

ಸರಪಳಿ ಇಳಿಯುತ್ತದೆ. ನೀವು ಏನೂ ಹೇಳದೆ ಹೊರಡುತ್ತೀರಿ.

ಆ ಕರೆ ಬರುವಾಗ ನೀವು ತೋಟದಲ್ಲಿದ್ದೀರಿ. ಕಂಕುಳಲ್ಲಿ ಸೊಪ್ಪಿನ ಹೊರೆ, ಅಂಗೈಗೆ ಅಂಟಿದ ಎಲೆಯ ಹಾಲು. ಹುಳು ಪೊರೆ ಬಿಡುವ ನಾಲ್ಕನೇ ಜ್ವರ ಎದ್ದಿವೆ, ಮೇವಿಗೆ ಕಾಯುತ್ತಿವೆ. ಬೆಂಗಳೂರಿನದೋ ಇನ್ನೆಲ್ಲಿಯದೋ ಒಂದು ಹೆಣ್ಣುದನಿ, ಒಂದರಿಂದ ಹತ್ತರೊಳಗೆ ಎಷ್ಟು ಅಂಕ ಸಾರ್ ಎಂದು ಕೇಳುತ್ತದೆ. ಹುಡುಗನ ಮುಖ ಕಣ್ಣ ಮುಂದೆ ಬರುತ್ತದೆ. ಅವನ ಮನೆಯಲ್ಲೂ ಕಂತು ಇರಬಹುದು. ಯಳಂದೂರಿನವನು ಹಿಡಿದ ಟಾರ್ಚಿನ ಬೆಳಕೂ ನೆನಪಾಗುತ್ತದೆ. ಹತ್ತು ಅಂದರೆ ನಾಳೆ ಇನ್ನೊಬ್ಬರ ಅವ್ವನನ್ನು ಅದೇ ತಿರುವಿನಲ್ಲಿ ಉರುಳಿಸಿ ತೋರಿಸುತ್ತಾರೆ. ಸುಮ್ಮನೆ ಒಂದು ಅಂದರೆ ಹುಡುಗನ ಸಂಬಳಕ್ಕೆ ಮಾತ್ರ ಕತ್ತರಿ ಬೀಳುತ್ತದೆ, ಟಾರ್ಗೆಟ್ ಇಟ್ಟವರಿಗೆ ಏನೂ ಆಗುವುದಿಲ್ಲ. ಅಂಕಕ್ಕಿಂತ ಕಾರಣ ಮುಖ್ಯ.

"ನಾಲ್ಕು," ಅನ್ನುತ್ತೀರಿ. "ಯಾಕೆ ಅಂತಾನೂ ಬರ್ಕೊಳ್ಳಮ್ಮ. ಕ್ಯಾಬಿನ್ ಫಿಲ್ಟರ್ ಹಾಕ್ದೆ ಬಿಲ್ ಮಾಡಿದ್ರು. ಅರ್ಧಕ್ಕಿಂತ ಜಾಸ್ತಿ ಇರೋ ಬ್ರೇಕ್ ಪ್ಯಾಡು ಹೋಗಿದೆ ಅಂದ್ರು. ಬೇಡ ಅಂದ ಕೆಲಸಕ್ಕೆ ದುಡ್ಡು ಹಾಕಿದ್ರು, ಕೇಳಿದ್ ಮೇಲೆ ತೆಗೆದ್ರು. ಇದು ಆ ಒಬ್ಬ ಹುಡುಗನ ತಪ್ಪಲ್ಲ, ನೀವು ಅವನಿಗೆ ಕೊಟ್ಟಿರೋ ಟಾರ್ಗೆಟ್ಟಿಂದು ಅಂತಾನೂ ಬರ್ಕೊ."

ಆ ಕಡೆ ಕೀಬೋರ್ಡು ಟಕಟಕ ಅನ್ನುತ್ತದೆ. "ಬರ್ಕೊಂಡೆ ಸಾರ್. ಥ್ಯಾಂಕ್ಯೂ ಸಾರ್."

"ಇಡಬೇಡ," ಅನ್ನುತ್ತೀರಿ, ಹೊರೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಳ್ಳುತ್ತ. "ಏನ್ ಬರ್ಕೊಂಡೆ, ಒಂದ್ಸಲ ಓದಿ ಹೇಳಮ್ಮ."